ನಕ್ಕರೆ ಸೋಲುವ ಮೊಣಕಾಲು: ಸೋಮಾರಿ ಎನಿಸಿಕೊಂಡ ಹುಡುಗನ ಪ್ರಕರಣ

ಪರೀಕ್ಷೆಯ ದಿನಗಳು ಹತ್ತಿರವಾದಂತೆ ಮಂಗಳೂರು, ಉಡುಪಿಯ ಕಾಲೇಜುಗಳಿಂದ "ಇವನು ತರಗತಿಯಲ್ಲಿ ತೂಕಡಿಸುತ್ತಾನೆ, ಸ್ವಲ್ಪ ಬುದ್ಧಿ ಹೇಳಿ" ಎಂಬ ಕೋರಿಕೆಯೊಂದಿಗೆ ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಕಳಿಸಲ್ಪಡುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಬಹುಪಾಲು ಮಕ್ಕಳಲ್ಲಿ ಕಾರಣ ಮೊಬೈಲು, ನಿದ್ದೆಗೆಟ್ಟ ಓದು ಅಥವಾ ಖಿನ್ನತೆ. ಆದರೆ ಕೆಲವರ ವಿಷಯದಲ್ಲಿ ಬುದ್ಧಿ ಹೇಳುವುದೇ ಅನ್ಯಾಯವಾಗುತ್ತದೆ. ಅಂಥ ಒಂದು ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗ ದ್ವಿತೀಯ ಪಿಯುಸಿ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದವನು ಈಗ ಹಿಂದೆ ಬಿದ್ದಿದ್ದ. ತೂಕ ಏರಿತ್ತು. ರಾತ್ರಿ ಮತ್ತೆ ಮತ್ತೆ ಎಚ್ಚರವಾಗುತ್ತಿತ್ತು. ನಿದ್ದೆ ಹತ್ತುವ ಹೊತ್ತಿಗೆ ಬಾಗಿಲ ಬಳಿ ಯಾರೋ ನಿಂತಂತೆ ಕಾಣುತ್ತದೆ, ಆಗ ಕೈಕಾಲು ಅಲ್ಲಾಡಿಸಲಾಗುವುದಿಲ್ಲ ಎಂದು ಅವನು ಹೇಳಿದ್ದರಿಂದ ಮನೆಯವರು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ, ಹೇಳಿದ ಪರಿಹಾರವನ್ನೂ ಮುಗಿಸಿದ್ದರು. ಅವರ ನಂಬಿಕೆಯ ಬಗ್ಗೆ ನಾನು ಏನನ್ನೂ ಹೇಳಲಿಲ್ಲ.

ಮುಂದಿನ ಭೇಟಿಯಲ್ಲಿ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಯಾವುದನ್ನು ಈಗ ಬಿಟ್ಟಿದ್ದಾನೆ ಎಂದು ಕೇಳಿದೆ. ಖಿನ್ನತೆಯ ಸುಳಿವಿಗಾಗಿ ನಾವೆಲ್ಲ ಕೇಳುವ ಪ್ರಶ್ನೆ ಅದು. ಗೆಳೆಯರ ಜೊತೆ ಯಕ್ಷಗಾನಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ ಎಂದ. ನಿದ್ದೆ ಬರುತ್ತದೆಂದೇ ಎಂದು ಕೇಳಿದಾಗ ತಲೆ ತಗ್ಗಿಸಿ ಹೇಳಿದ: "ಅಲ್ಲ ಮೇಡಂ. ಹಾಸ್ಯಗಾರ ಬಂದ್ರೆ ನಂಗೆ ಹೆದ್ರಿಕೆ ಆಗ್ತದೆ. ಜೋರು ನಗು ಬಂದ ಕೂಡ್ಲೆ ಮೊಣಕಾಲು ಸೋತು ಹೋಗ್ತದೆ, ಬಾಯಿ ಜೋತು ಬೀಳ್ತದೆ. ಎಲ್ಲರು ಹೇಳುದು ಕೇಳ್ತದೆ, ಆದ್ರೆ ಮಾತಾಡ್ಲಿಕ್ಕೆ ಆಗುದಿಲ್ಲ." ಒಮ್ಮೆ ಹೀಗೆ ಕುಸಿದಾಗ ಗೆಳೆಯರು ಅವನು ಕುಡಿದಿದ್ದಾನೆಂದುಕೊಂಡರಂತೆ. ಪಕ್ಕದಲ್ಲಿದ್ದ ತಾಯಿ, "ಅದು ನಾಟಕ ಅಂತ ಇವನ ಅಪ್ಪ ಹೇಳುದು ಮೇಡಂ" ಎಂದರು. ಅಂದಿನಿಂದ ಅವನು ನಗುವುದನ್ನೇ ಹತ್ತಿಕ್ಕಿಕೊಂಡಿದ್ದ. ತರಗತಿಯಲ್ಲಿ ಯಾರಾದರೂ ತಮಾಷೆ ಮಾಡಿದರೆ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು, ಬೇರೆ ಏನನ್ನಾದರೂ ಯೋಚಿಸುತ್ತಿದ್ದ.

ಪ್ರಜ್ಞೆ ತಪ್ಪದೆ, ನಗುವಿನಂಥ ಭಾವ ಉಕ್ಕಿದಾಗ ಕೆಲವು ಕ್ಷಣ ಸ್ನಾಯುಗಳು ಸೋಲುವ ಈ ಲಕ್ಷಣಕ್ಕೆ ಕ್ಯಾಟಾಪ್ಲೆಕ್ಸಿ ಎನ್ನುತ್ತಾರೆ. ಹಗಲಿನ ತಡೆಯಲಾಗದ ನಿದ್ದೆಯೊಂದಿಗೆ ಇದು ಸೇರಿದ್ದರೆ ಮೊದಲು ನೆನಪಾಗಬೇಕಾದದ್ದು ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ.

ತಾಯಿ ತಂದೆ ಇಬ್ಬರನ್ನೂ ಕೂರಿಸಿ ಇದನ್ನು ವಿವರಿಸಿದೆ. ಮಿದುಳಿನ ನರಕೋಶಗಳು ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳನ್ನು ತಯಾರಿಸುತ್ತವೆ, ಅವೇ ನ್ಯೂರೋಪೆಪ್ಟೈಡ್‌ಗಳು. ಹಸಿವು, ಬಾಯಾರಿಕೆ, ನೋವು, ಒತ್ತಡ, ತಾಯಿಯ ಎದೆಹಾಲು ಇಳಿಯುವುದು, ಇವೆಲ್ಲದರ ಹಿಂದೆ ಅವುಗಳ ಕೆಲಸವಿದೆ. 1998ರಲ್ಲಿ ಎರಡು ಸಂಶೋಧನಾ ತಂಡಗಳು ಬೇರೆ ಬೇರೆಯಾಗಿ ಗುರುತಿಸಿದ ಓರೆಕ್ಸಿನ್ ಅಂಥದ್ದೊಂದು ಪೆಪ್ಟೈಡ್. ಅದನ್ನು ತಯಾರಿಸುವ ಕೋಶಗಳು ಇಡೀ ಮಿದುಳಿನಲ್ಲಿ ಸುಮಾರು 70,000 ಮಾತ್ರ, ಅವೂ ಹೈಪೋಥಲಾಮಸ್ ಎಂಬ ಸಣ್ಣ ಭಾಗದಲ್ಲಿ. ಎಚ್ಚರವನ್ನು ಕಾಯುವ ಇತರ ಕೇಂದ್ರಗಳನ್ನು ಚುರುಕಾಗಿಡುವುದು ಈ ಕೋಶಗಳು. ಕ್ಯಾಟಾಪ್ಲೆಕ್ಸಿ ಇರುವ ನಾರ್ಕೊಲೆಪ್ಸಿಯಲ್ಲಿ ಇವುಗಳಲ್ಲಿ ಬಹುಪಾಲು ನಾಶವಾಗಿರುತ್ತವೆಂದು 2000ದಲ್ಲಿ ತಿಳಿಯಿತು. ಕನಸಿನ ನಿದ್ದೆಯಲ್ಲಿ ಎಲ್ಲರ ಸ್ನಾಯುಗಳೂ ಸಡಿಲವಾಗುತ್ತವೆ. ಓರೆಕ್ಸಿನ್ ಇಲ್ಲದವರಲ್ಲಿ ಆ ಸಡಿಲಿಕೆ ಎಚ್ಚರದೊಳಗೆ ನುಗ್ಗುತ್ತದೆ. ಬಾಗಿಲ ಬಳಿ ನಿಂತವರೂ ಎಚ್ಚರಕ್ಕೆ ನುಗ್ಗಿದ ಕನಸೇ. ಏರಿದ ತೂಕಕ್ಕೂ ಇದರೊಂದಿಗೆ ಸಂಬಂಧವಿರಬಹುದು. "ಇನ್ಸುಲಿನ್ ಇಲ್ಲದ ಮಗುವಿಗೆ ಸಕ್ಕರೆ ಏರಿದರೆ ಬಯ್ಯುತ್ತೀರಾ?" ಎಂದು ತಂದೆಯನ್ನು ಕೇಳಿದೆ. ಅವರು ಉತ್ತರಿಸಲಿಲ್ಲ, ಆದರೆ ಮಗನ ಕಡೆ ತಿರುಗಿ ಕುಳಿತರು.

ಆಪ್ತಸಲಹೆಗಾರರು ಮಿದುಳಿನ ರಸಾಯನದ ಗೊಡವೆಗೆ ಹೋಗಬಾರದೆಂದು ಸಹೋದ್ಯೋಗಿಗಳು ಆಕ್ಷೇಪಿಸುವುದುಂಟು. ರೋಗ ನಿರ್ಣಯ ನನ್ನದಲ್ಲ, ಅದನ್ನು ನಾನು ಮಾಡಲೂ ಇಲ್ಲ. ಆದರೆ "ವೈದ್ಯರನ್ನು ನೋಡಿ" ಎಂದಷ್ಟೇ ಹೇಳಿ ಕಳಿಸಿದ್ದರೆ ತಂದೆಯ ಪಾಲಿಗೆ ಅದು ನಾಟಕವಾಗಿಯೇ ಉಳಿಯುತ್ತಿತ್ತು, ನಿದ್ದೆಯ ಪರೀಕ್ಷೆಯ ಖರ್ಚಿಗೆ ಅವರು ಒಪ್ಪುತ್ತಿರಲಿಲ್ಲ.

ನರರೋಗ ತಜ್ಞರನ್ನು ಕಂಡು, ಆಸ್ಪತ್ರೆಯಲ್ಲಿ ರಾತ್ರಿಯ ನಿದ್ದೆಯ ದಾಖಲೆ ಮಾಡಿಸಿ, ಮರುದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿ ನೋಡುವ ಪರೀಕ್ಷೆ ಮಾಡಿಸಬೇಕೆಂದು ಹೇಳಿದೆ. ಅದರಲ್ಲಿ ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತುತ್ತದೆಯೇ, ಬೇಗನೆ ಕನಸಿನ ನಿದ್ದೆ ಬರುತ್ತದೆಯೇ ಎಂದು ನೋಡುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ 15ರಿಂದ 20 ನಿಮಿಷ ಮಲಗಲು ಅವಕಾಶ ಕೊಡುವಂತೆ ಪ್ರಾಂಶುಪಾಲರಿಗೆ ಪತ್ರ ಬರೆದೆ. ನಗುವುದನ್ನು ಹತ್ತಿಕ್ಕಬಾರದು, ಇಬ್ಬರು ಗೆಳೆಯರಿಗೆ ವಿಷಯ ತಿಳಿಸಿರಬೇಕು. ಕುಸಿದರೆ ಅವರು ತಲೆ ಏಟಾಗದಂತೆ ಹಿಡಿದು ಕೂರಿಸಿದರೆ ಸಾಕು, ಮುಖಕ್ಕೆ ನೀರೆರಚುವುದು, ಕೈಗೆ ಕಬ್ಬಿಣದ ಕೀಲಿ ಕೊಡುವುದು ಬೇಡ ಎಂದೆ.

ಸ್ಕೂಟರು ಓಡಿಸುವುದು, ಒಬ್ಬನೇ ಹೊಳೆಗೋ ಕಡಲಿಗೋ ಈಜಲು ಇಳಿಯುವುದು ಕೂಡದೆಂದಾಗ ತಾಯಿಗೆ ಬೇಸರವಾಯಿತು. ಟ್ಯೂಷನ್ ಮುಗಿಯುವ ಹೊತ್ತಿಗೆ ಅವರ ಊರಿಗೆ ಬಸ್ಸಿಲ್ಲ. ಆದರೂ ನಾನು ಸಡಿಲಿಸಲಿಲ್ಲ, ಏಕೆಂದರೆ ಹಿಂಬದಿ ಕುಳಿತ ಗೆಳೆಯನ ಒಂದು ತಮಾಷೆಯೇ ಹೆದ್ದಾರಿಯಲ್ಲಿ ಇಬ್ಬರ ಜೀವಕ್ಕೂ ಸಾಕು.

ಪರೀಕ್ಷೆಯಲ್ಲಿ ನಾರ್ಕೊಲೆಪ್ಸಿ ಖಚಿತವಾಯಿತು. ನಾಶವಾದ ಕೋಶಗಳು ಮರಳುವುದಿಲ್ಲ, ಆದರೆ ಎಚ್ಚರ ಕಾಯುವ ಮಾತ್ರೆಯಿಂದ ಬೆಳಗಿನ ತರಗತಿಗಳಲ್ಲಿ ಅವನು ಈಗ ಕುಳಿತು ಕೇಳುತ್ತಾನೆ. ಟ್ಯೂಷನ್ನಿಂದ ತಂದೆಯೇ ಕರೆತರುತ್ತಾರೆ. ಸ್ಕೂಟರು ಎಂದಿನಿಂದ ಓಡಿಸಬಹುದೆಂದು ತಾಯಿ ಈಗಲೂ ಕೇಳುತ್ತಾರೆ. ಕುಸಿಯುವುದು ನಿಂತಿದೆಯೆಂದು ತಜ್ಞರು ಬರೆದುಕೊಡುವವರೆಗೆ ಬೇಡ ಎಂಬುದೇ ನನ್ನ ಉತ್ತರ.