ಮೊಂಬಾಸಾ ಕಡೆಯ ಕೆಂಪುಕಾಲಿನ ಸಹಸ್ರಪದಿ, ಜೈಂಟ್ ಅಲ್ಲ ಅನ್ಸುತ್ತೆ

ಕೀನ್ಯಾದ ಮೊಂಬಾಸಾ ಹತ್ರ ಡಿಯಾನಿಲಿ ಕಾಂಪೌಂಡಲ್ಲಿ ಸಿಕ್ಕಿದ ಹುಳದ ಫೋಟೋ ಹಾಕಿ ಇದು ಜೈಂಟ್ ಆಫ್ರಿಕನ್ ಮಿಲಿಪೀಡಾ ಅಂತ ಕೇಳಿದೀರಲ್ಲ ಸರ್, ನನಗೆ ಹಾಗೆ ಕಾಣ್ತಿಲ್ಲ. ಮೈ ಕಪ್ಪು, ಕಾಲು ಮೀಸೆ ತಲೆ ಎಲ್ಲ ಕೆಂಪು, ಉದ್ದ ಗೇಣಿಗಿಂತ ಕಮ್ಮಿ, ಸಿಕ್ಕಿದ್ದು ಸಮುದ್ರದ ಪಕ್ಕ, ಇಷ್ಟು ನೋಡಿದ್ರೆ ಎಪಿಬೋಲಸ್ ಪುಲ್ಕ್ರಿಪೆಸ್ ಇರ್ಬೇಕು, ಕೀನ್ಯಾ ಟಾಂಜಾನಿಯಾ ಕರಾವಳಿಲಿ ಮಾಮೂಲಿ ಸಿಗುತ್ತೆ. ನೀವು ಹೇಳಿದ ಜೈಂಟು ಆರ್ಕಿಸ್ಪೈರೋಸ್ಟ್ರೆಪ್ಟಸ್ ಗಿಗಾಸ್, ಅದು ಚೆನ್ನಾಗಿ ಬೆಳೆದ್ರೆ 30 ಸೆಂ.ಮೀ. ದಾಟುತ್ತೆ.

ಆದ್ರೆ ಉದ್ದ ಬಣ್ಣ ಎರಡನ್ನೇ ನಂಬಿ ಹೆಸರು ಬರ್ಕೋಬೇಡಿ, ಗಿಗಾಸ್ ಮರಿನೂ ಸಣ್ಣದೇ ಇರುತ್ತೆ ತಾನೆ. ಕಾಲು ಎಣಿಸೋಕಂತೂ ಹೋಗ್ಲೇಬೇಡಿ, ಮರಿ ಬೆಳೀತಾ ಪೊರೆ ಬಿಟ್ಟಾಗ ಮೈ ಉಂಗುರ ಜಾಸ್ತಿ ಆಗುತ್ತೆ, ಕಾಲೂ ಜಾಸ್ತಿ.

ಮೊದಲು ಮುಖ ನೋಡಿ. ಹಣೆ ಮಧ್ಯೆ ಮೇಲಿಂದ ಕೆಳಗೆ ಒಂದು ಗೆರೆ, ಪ್ಯಾಂಟಿನ ಹೊಲಿಗೆ ತರ, ಎದ್ದು ಕಾಣಿಸಿದ್ರೆ ಸ್ಪೈರೋಬೋಲಿಡಾ ಗಣ, ಎಪಿಬೋಲಸ್ ಬರೋದು ಅದ್ರಲ್ಲೇ. ಗಿಗಾಸ್ ಸ್ಪೈರೋಸ್ಟ್ರೆಪ್ಟಿಡಾ ಅನ್ನೋ ಬೇರೆ ಗಣಕ್ಕೆ ಸೇರಿದ್ದು, ಅದಕ್ಕೆ ಈ ಗೆರೆ ಹೀಗೆ ಎದ್ದು ಕಾಣಲ್ಲ. ಇಷ್ಟಾದ್ರೆ ಅರ್ಧ ಕೆಲಸ ಮುಗೀತು, ಫೋನ್ ಕ್ಯಾಮೆರಾಗೆ ಮ್ಯಾಕ್ರೋ ಲೆನ್ಸ್ ಹಾಕಿದ್ರೂ ಸಾಕು.

ಆಮೇಲೆ ಹೊಟ್ಟೆ ಕಡೆ. ತಲೆ ಕಡೆಯಿಂದ ಏಳನೇ ಉಂಗುರದಲ್ಲಿ ಕಾಲಿಲ್ದೆ ಗ್ಯಾಪ್ ಕಂಡ್ರೆ ಗಂಡು, ಅಲ್ಲಿ ಕಾಲುಗಳೇ ಗೊನೊಪಾಡ್ ಆಗಿ, ಅಂದ್ರೆ ವೀರ್ಯ ದಾಟಿಸೋ ಅಂಗವಾಗಿ, ಬದಲಾಗಿ ಒಳಗೆ ಮಡಚ್ಕೊಂಡಿರುತ್ತೆ. ಸ್ಪೈರೋಸ್ಟ್ರೆಪ್ಟಿಡಾದಲ್ಲಿ ಮುಂದಿನ ಜೋಡಿ ಮಾತ್ರ ಕೆಲಸಕ್ಕೆ, ಹಿಂದಿನದು ಕುಗ್ಗಿ ಹೋಗಿರುತ್ತೆ. ಸ್ಪೈರೋಬೋಲಿಡಾದಲ್ಲಿ ಮುಂದಿನದು ಗುರಾಣಿ ತರ ಮುಚ್ಕೊಂಡು ಹಿಂದಿನದು ವೀರ್ಯ ದಾಟಿಸುತ್ತೆ. ಜಾತಿ ಗಟ್ಟಿ ಮಾಡೋರು ಗೊನೊಪಾಡಿನ ಆಕಾರನೇ ಮೈಕ್ರೋಸ್ಕೋಪಲ್ಲಿ ನೋಡೋದು, ಹಾಗಾಗಿ ಹೆಣ್ಣು ಸಿಕ್ಕಿದ್ರೆ ಎಷ್ಟೋ ಸಲ ಕುಲದ ಹೆಸರಿಗೇ ನಿಲ್ಲಿಸ್ಬೇಕಾಗುತ್ತೆ. ಪೆಟ್ ಶಾಪ್ ಲೇಬಲ್ ಮೇಲೆ ನನಗೆ ಅಷ್ಟಕ್ಕಷ್ಟೇ ನಂಬಿಕೆ, ದಪ್ಪ ಕರಿ ಹುಳ ಕಂಡ್ರೆ ಗಿಗಾಸ್ ಅಂತ ಬರೆದುಬಿಡ್ತಾರೆ.

ಕೈಲಿ ಹಿಡಿದ್ರೆ ಸುರುಳಿ ಸುತ್ಕೊಂಡು ಹಳದಿ ರಸ ಬಿಡಬಹುದು, ಅದ್ರಲ್ಲಿ ಬೆಂಜೊಕ್ವಿನೋನ್ ಅನ್ನೋ ರಾಸಾಯನಿಕ ಇರುತ್ತೆ, ಚರ್ಮ ಕಂದು ಆಗುತ್ತೆ, ಉರಿನೂ ಆಗಬಹುದು, ಕಣ್ಣಿಗಂತೂ ತಾಗಿಸ್ಕೋಬೇಡಿ, ಸೋಪ್ ಹಾಕಿ ತೊಳೀರಿ. ಕಾಲಿನ ಸಂದೀಲಿ ಸಣ್ಣ ಸಣ್ಣ ಉಣುಗಿನ ತರ ಹುಳ ಓಡಾಡ್ತಿದ್ರೆ ಅದು ಮೈಟು, ಉಜ್ಜಿ ತೆಗೆಯೋಕೆ ಹೋಗ್ಬೇಡಿ.

ಮುಖದ್ದು ನೇರವಾಗಿ ಒಂದು, ಏಳನೇ ಉಂಗುರದ ಅಡಿಯಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ ಹಾಕಿ, ಜಾಗ ತಾರೀಕು ಬರೀರಿ, ಆಮೇಲೆ ನೋಡಿ ಹೇಳ್ತೀನಿ.