ಸಾಂಬ್ರಾದ ಮಣ್ಣು ಹೊತ್ತ ಅಜ್ಜ

ಪತ್ರ: “ನಮ್ಮಜ್ಜ ಲಡಾಯಿ ಕಾಲದಾಗ ಬೆಳಗಾವಿ ಹತ್ರ ಸಾಂಬ್ರಾಕ್ಕ ಮಣ್ಣು ಹೊರೂ ಕೂಲಿಗೆ ಹೋಗಿದ್ನಂತ. ‘ವಿಮಾನ ಇಳಿಯೂ ಜಾಗಾ ಮಾಡಿ ಬಂದೇವಿ’ ಅಂತಿದ್ದ. ಮನ್ಯಾಗ ಯಾರೂ ನಂಬಂಗಿಲ್ಲ. ಆಗ ಅಲ್ಲಿ ವಿಮಾನ ಎಲ್ಲಿಂದ ಬರಬೇಕು ಅಂತಾರ. ಇದು ಖರೇನ? ಹುಬ್ಬಳ್ಳಿ ವಿಮಾನ ನಿಲ್ದಾಣಾನೂ ಮಿಲಿಟರಿಯವರು ಮಾಡಿದ್ದೇನು?”
– ಗರಗದ ಓದುಗರೊಬ್ಬರು, ಧಾರವಾಡ ತಾಲ್ಲೂಕು

ಸಂಪಾದಕರ ಉತ್ತರ:

ಅಜ್ಜನ ಮಾತು ನಂಬಿರಿ. ಅವರು ಅಲ್ಲಿದ್ದರೆಂದು ನಾನು ಸಾಕ್ಷಿ ಹೇಳಲಾರೆ, ಆದರೆ ಅವರು ಹೇಳಿದ ಕೆಲಸ ಅಲ್ಲಿ ನಡೆದದ್ದು ಖರೆ. ಸಾಂಬ್ರಾ ವಿಮಾನ ನಿಲ್ದಾಣ 1942ರಲ್ಲಿ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಕಟ್ಟಿಸಿದ್ದು. ಉತ್ತರ ಕರ್ನಾಟಕದ ವಿಮಾನ ನಿಲ್ದಾಣಗಳಲ್ಲಿ ಅದೇ ಹಿರಿಯದು.

“ಎಲ್ಲಿಂದ ಬರಬೇಕು” ಅನ್ನುವವರಿಗೆ ಆ ವರ್ಷ ಏನಾಗಿತ್ತು ಎಂಬುದನ್ನು ಹೇಳಿ. ಫೆಬ್ರುವರಿಯಲ್ಲಿ ಸಿಂಗಪುರ ಜಪಾನೀಯರ ಪಾಲಾಯಿತು, ಮಾರ್ಚಿನಲ್ಲಿ ರಂಗೂನ್. ಏಪ್ರಿಲ್‌ನಲ್ಲಿ ಕೊಲಂಬೊ ಮತ್ತು ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದವು. ಯುದ್ಧ ನಮ್ಮ ಕರಾವಳಿಯ ಹೊಸ್ತಿಲಿಗೇ ಬಂದಿತ್ತು. ಬೆಳಗಾವಿಯಲ್ಲಿ ದಂಡಿನ ಕ್ಯಾಂಪ್ ನೂರು ವರ್ಷಗಳಿಂದಲೂ ಇತ್ತು, ರೈಲೂ ಇತ್ತು. ಬರ್ಮಾದ ಕಡೆ ಕಾದುತ್ತಿದ್ದ ಮಿತ್ರರಾಷ್ಟ್ರಗಳ ಸೇನಾ ವಿಭಾಗ ಆಗ್ನೇಯ ಏಷ್ಯಾ ಕಮಾಂಡಿಗೆ ಸಾಂಬ್ರಾ ತರಬೇತಿಯ ತಾಣವಾಗಿ ಒದಗಿತು. ಬೆಳಗಾವಿ, ಧಾರವಾಡ ಎರಡೂ ಆಗ ಮುಂಬಯಿ ಪ್ರಾಂತದೊಳಗಿನ ಅಕ್ಕಪಕ್ಕದ ಜಿಲ್ಲೆಗಳು. ಗರಗದಿಂದ ಕೂಲಿಗೆ ಹೋಗುವುದೇನು ದೂರದ ಮಾತಲ್ಲ.

ಬ್ರಿಟಿಷರು ಹೋದರೂ ಆ ನೆಲದ ಕೆಲಸ ಮುಗಿಯಲಿಲ್ಲ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗೆ ನಮ್ಮ ವಾಯುಪಡೆ ವಿಮಾನಗಳನ್ನು ಜಮಾಯಿಸಿದ್ದು ಎರಡೇ ಕಡೆ, ಪುಣೆ ಮತ್ತು ಸಾಂಬ್ರಾ. ದಾಳಿಯ ಹೊಣೆ ಹೊತ್ತವರು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ. ಅವರಿಗೆ ಬಂದ ಆದೇಶದ ಒಂದು ಮಾತು ನನಗೆ ಯಾವಾಗಲೂ ನೆನಪಾಗುತ್ತದೆ: ಗೋವಾದ ವಿಮಾನ ನಿಲ್ದಾಣ ದಾಬೋಲಿಂನ ರನ್‌ವೇ ಕೆಡಿಸಬೇಕು, ಆದರೆ ನಿಲ್ದಾಣದ ಕಟ್ಟಡಕ್ಕೆ ಪೆಟ್ಟು ಬೀಳಬಾರದು. ನಾಳೆ ನಮ್ಮದೇ ಆಗುವ ಮನೆ ಅದು ಎಂದು ಬಲ್ಲವರ ಆದೇಶ. ಡಿಸೆಂಬರ್ 18ರಂದು ಕ್ಯಾನ್‌ಬೆರಾ ಬಾಂಬರ್ ವಿಮಾನಗಳು ಆ ರನ್‌ವೇಗೆ ಬಾಂಬು ಹಾಕಿದವು, ಹಂಟರ್ ಯುದ್ಧವಿಮಾನಗಳು ಗೋವಾದ ಬಾಂಬೋಲಿಂನ ವೈರ್‌ಲೆಸ್ ಕೇಂದ್ರವನ್ನು ಒಡೆದವು. ಬಾಂಬು ಬಿದ್ದ ಗುಂಡಿಗಳನ್ನು ಮುಚ್ಚಿ ಸರಿಪಡಿಸಿದ ದಾಬೋಲಿಂನಲ್ಲೇ ಮುಂದೆ ನಮ್ಮೂರ ಎಷ್ಟೋ ಮಂದಿ ಇಳಿದು ಗೋವಾ ನೋಡಿ ಬಂದರು. ಅಲ್ಲಿ ಇವತ್ತಿಗೂ ನೌಕಾಪಡೆಯದೇ ಯಜಮಾನಿಕೆ.

ಸಾಂಬ್ರಾದಲ್ಲಿ ಹಾಗಿಲ್ಲ. ನಿಲ್ದಾಣ ನಡೆಸುವುದು ವಿಮಾನ ನಿಲ್ದಾಣ ಪ್ರಾಧಿಕಾರ, ಪಕ್ಕದಲ್ಲಿರುವುದು ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ. ಹಿಂದೊಮ್ಮೆ ಬೆಳಗಾವಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದಾಗ ತಲೆ ಸಣ್ಣಗೆ ಕತ್ತರಿಸಿಕೊಂಡ ಹುಡುಗರ ಗುಂಪೊಂದು ಕರಿ ಟ್ರಂಕುಗಳ ಮೇಲೆ ಕುಳಿತಿತ್ತು. ಪ್ರತಿ ಟ್ರಂಕಿನ ಮೇಲೂ ಬಿಳಿ ಬಣ್ಣದಲ್ಲಿ ಹೆಸರು, ನಂಬರು. ಒಬ್ಬನ ಟ್ರಂಕಿನ ಮೇಲೆ ಬಣ್ಣ ಇಳಿದು ಅಕ್ಷರದ ಬಾಲ ಉದ್ದವಾಗಿತ್ತು. ಅವನು ಉಗುರಿನಿಂದ ಅದನ್ನು ಕೆರೆಯುತ್ತಲೇ ಇದ್ದ. ಕೇಳಿದೆ, ತರಬೇತಿ ಮುಗಿದಿತ್ತು, ಮೊದಲ ರಜೆಗೆ ಊರಿಗೆ ಹೊರಟಿದ್ದ. 2022ರ ಕೊನೆಯಿಂದ ಅಲ್ಲಿ ಅಗ್ನಿವೀರರ ತರಬೇತಿಯೂ ನಡೆದಿದೆ.

ಹುಬ್ಬಳ್ಳಿಯದು ಬೇರೆ ಕಥೆ. ಅದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ, ಶುರುವಾದದ್ದೇ 1974ರಲ್ಲಿ. ಎರಡೂ ಕಡೆ ಹೊಸ ಟರ್ಮಿನಲ್ ಬಂದದ್ದು ಮಾತ್ರ ಒಂದೇ ವರ್ಷ, 2017. ಹಿರಿಯ ಸಾಂಬ್ರಾದ ರನ್‌ವೇ ಈಗ 2,300 ಮೀಟರ್, ಕಿರಿಯ ಹುಬ್ಬಳ್ಳಿಯದು 2,600.

ಇನ್ನು ನಾನು ನಿಮ್ಮನ್ನೇ ಕೇಳಬೇಕಾದದ್ದಿದೆ. ಯಾವ ದಳ, ಯಾವ ವಿಮಾನ, ಯಾವ ಅಧಿಕಾರಿ ಎಂಬುದೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಬುಟ್ಟಿ ಹೊತ್ತವರು ಯಾವ ಯಾವ ಊರಿನವರು, ರಾತ್ರಿ ಎಲ್ಲಿ ಮಲಗಿದರು, ಜೋಳದ ರೊಟ್ಟಿ ಯಾರು ತಟ್ಟಿಕೊಟ್ಟರು, ಪಗಾರ ವಾರಕ್ಕೊಮ್ಮೆಯೋ ದಿನದ ಲೆಕ್ಕವೋ, ಇದನ್ನು ಯಾರೂ ಬರೆದಿಟ್ಟಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅಜ್ಜನ ಜೊತೆ ಹೋದವರ ಮನೆಗಳು ಗರಗದಲ್ಲಿ ಇನ್ನೂ ಇರಬಹುದು. ಆ ಮನೆಯ ಹಿರಿಯರ ಹತ್ತಿರ ಕುಳಿತು ಕೇಳಿ. ಅಜ್ಜ ಹೇಳಿದ್ದನ್ನು ಅವರ ಮಾತಿನಲ್ಲೇ, ತಿದ್ದದೆ ಬರೆದು ಕಳಿಸಿ. ಎಷ್ಟು ಪುಟ ಆದರೂ ನಾವು ಅಚ್ಚು ಮಾಡುತ್ತೇವೆ.