ಸೋಮವಾರದ ಸಾಲ, ಬುಧವಾರದ ಸಾಲ

ಸರೋಜಮ್ಮ (ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ) ಅವರನ್ನು ಆಶಾ ಕಾರ್ಯಕರ್ತೆಯೊಬ್ಬರು ನನ್ನ ಬಳಿಗೆ ಕರೆತಂದದ್ದು, ರಾತ್ರಿ ನಿದ್ದೆಯಿಲ್ಲ, ಒಲೆಯ ಮೇಲಿನ ಅನ್ನ ಸೀದುಹೋದರೂ ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೆ. ಜೊತೆಗೆ ಬಂದಿದ್ದ ಗಂಡ, ‘ಇವಳಿಗೆ ಲೆಕ್ಕ ತಿಳಿಯಲ್ಲ ಮೇಡಂ, ಸಿಕ್ಕಸಿಕ್ಕ ಕಡೆಯೆಲ್ಲ ಸಾಲ ಮಾಡವಳೆ’ ಎಂದರು. ಆಕೆ ಮಾತಾಡದೆ ಪ್ಲಾಸ್ಟಿಕ್ ಕವರಿನಿಂದ ಮೈಕ್ರೊಫೈನಾನ್ಸ್ (ಗುಂಪಿನ ಹೆಂಗಸರಿಗೆ ಕಿರುಸಾಲ ಕೊಡುವ) ಕಂಪನಿಗಳ ನಾಲ್ಕು ಸಾಲದ ಕಾರ್ಡುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. ಆಕೆಯ ಬಾಯಲ್ಲಿ ಅವಕ್ಕೆ ಕಂಪನಿಯ ಹೆಸರಿರಲಿಲ್ಲ; ವಾರದ ಕಂತು ಕಟ್ಟುವ ದಿನ ಹಿಡಿದು ಸೋಮವಾರದ ಸಾಲ, ಬುಧವಾರದ ಸಾಲ ಎಂದೇ ಕರೆಯುತ್ತಿದ್ದರು. ಯಾವುದಕ್ಕೆ ಎಷ್ಟು ಕಂತು, ಇನ್ನೆಷ್ಟು ವಾರ ಬಾಕಿ ಎಂಬುದನ್ನು ಕಾರ್ಡು ಮುಟ್ಟದೆ ಹೇಳಿದರು. ಲೆಕ್ಕ ತಿಳಿಯದವರ ಮಾತಾಗಿರಲಿಲ್ಲ ಅದು.

ಎರಡು ವರ್ಷದ ಹಿಂದೆ ಗಾರೆ ಕೆಲಸದ ಗಂಡ ಸಾರ್ವೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರಿಂದ ಮೊದಲ ಸಾಲ ಹುಟ್ಟಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಸೌಲಭ್ಯವಿದೆಯೆಂದು ಆ ಹೊತ್ತಿನಲ್ಲಿ ನೆನಪಿಸುವವರು ಯಾರೂ ಇರಲಿಲ್ಲ. ದುಡಿಮೆ ಮೂರು ತಿಂಗಳು ನಿಂತಿತು, ಕಂತು ನಿಲ್ಲಲಿಲ್ಲ. ಮೊದಲನೆಯದನ್ನು ಕಟ್ಟಲು ಎರಡನೆಯದು, ಅದಕ್ಕಾಗಿ ಮೂರನೆಯದು. ನಾಲ್ಕನೆಯದು ಮಾತ್ರ ಮಗಳ ಕಾಲೇಜಿಗೆ. ಗುಂಪಿನವರೆಲ್ಲ ಒಬ್ಬರಿಗೊಬ್ಬರು ಜಾಮೀನಾದ್ದರಿಂದ ಆಕೆ ತಪ್ಪಿಸಿದ ಕಂತನ್ನು ಅಕ್ಕಪಕ್ಕದ ಮನೆಯವರೇ ತುಂಬಬೇಕಿತ್ತು. ಆ ನಾಚಿಕೆಗೆ ಹೆದರಿ ನೂರಕ್ಕೆ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ ಶೇ 60ರ ಬಡ್ಡಿಯಲ್ಲಿ ಕೈಸಾಲವನ್ನೂ ತಂದಿದ್ದರು.

ಮೊದಲ ಭೇಟಿಯಲ್ಲಿ ನಾನೂ ಗಂಡನ ದಾರಿಯನ್ನೇ ಹಿಡಿದೆ ಎಂದು ಒಪ್ಪಿಕೊಳ್ಳಬೇಕು. ಖರ್ಚು ಬರೆಯಲು ಪುಸ್ತಕ ಕೊಟ್ಟು ಕಳಿಸಿದೆ. ಅದು ಖಾಲಿಯಾಗಿಯೇ ವಾಪಸು ಬಂತು. ‘ಬರೆಯಾಕೆ ಖರ್ಚಾದ್ರೂ ಇರಬೇಕಲ್ಲ’ ಎಂದರು. ಆಗ ಕೂತು ಕೂಡಿದೆವು: ಇಬ್ಬರ ಕೂಲಿ ಮತ್ತು ಗೃಹಲಕ್ಷ್ಮಿಯ 2,000 ಸೇರಿ ತಿಂಗಳಿಗೆ ಸುಮಾರು 16,000, ನಾಲ್ಕು ಕಂಪನಿಗಳ ಕಂತು 11,200. ಕುಟುಂಬದ ಎಲ್ಲ ಸಾಲಗಳ ಕಂತು ಮಾಸಿಕ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್‌ನಿಂದಲೇ ಜಾರಿಯಲ್ಲಿದೆ. ಕೊಟ್ಟವರು ಆ ಲೆಕ್ಕ ಹಾಕಿರಲಿಲ್ಲ. ಬೈಗುಳ ಮಾತ್ರ ಸಾಲ ಪಡೆದವಳ ಪಾಲಿಗೆ.

ಮರೆವಿನ ಬಗ್ಗೆ ಗಂಡನಿಗೆ ಹೀಗೆ ವಿವರಿಸಿದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರನ್ನು, ಕೈಯಲ್ಲಿ ಕಾಸಿಲ್ಲದ ಕಟಾವಿನ ಮುಂಚೆ ಒಮ್ಮೆ, ಹಣ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದಾಗ, ಮೊದಲ ಸಲ ಅದೇ ರೈತರ ಬುದ್ಧಿ ಮಂಕಾಗಿತ್ತು. ಅದರ ಫಲಿತಾಂಶದ ಬಗ್ಗೆ ತಜ್ಞರಲ್ಲಿ ವಾದವಿದೆಯಾದರೂ, ವಾರಕ್ಕೆ ನಾಲ್ಕು ಗಡುವು ಕಾಯುವ ತಲೆಯಲ್ಲಿ ಅನ್ನದ ಪಾತ್ರೆಗೆ ಜಾಗ ಉಳಿಯದಿರುವುದನ್ನು ನಾನು ದಿನವೂ ನೋಡುತ್ತೇನೆ.

ಸಾಯುವ ಯೋಚನೆ ಬಂದಿತ್ತೇ ಎಂದು ಆಕೆಯೊಬ್ಬರೇ ಇದ್ದಾಗ ನೇರವಾಗಿಯೇ ಕೇಳಿದೆ. ಒಂದೆರಡು ಸಲ ಬಂದಿತ್ತಂತೆ. ವೈದ್ಯರ ಬಳಿಗೆ ಕಳಿಸಿ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಕಾರ್ಡಿನ ಬೆನ್ನಿಗೆ ಬರೆದುಕೊಟ್ಟೆ.

ಸಲಹೆ ಹೆಚ್ಚಿರಲಿಲ್ಲ. ಕಂತು ಕಟ್ಟಲು ಐದನೆಯ ಸಾಲ ಬೇಡ. ಕೈಗೆ ಬಂದದ್ದರಲ್ಲಿ ದಿನಸಿ ಮತ್ತು ಬಸ್ಸಿನ ಹಣ ಮೊದಲು ಎತ್ತಿಟ್ಟು, ಉಳಿದದ್ದರಲ್ಲಿ ಬಡ್ಡಿ ಹೆಚ್ಚಿರುವ ಕೈಸಾಲವನ್ನು ಮೊದಲು ಇಳಿಸಬೇಕು. ನಾಲ್ಕೂ ಕಂಪನಿಗಳಿಗೆ ಆದಾಯದ ಲೆಕ್ಕವನ್ನು ಲಗತ್ತಿಸಿ, ಅವಧಿ ಹೆಚ್ಚಿಸಿ ಕಂತು ತಗ್ಗಿಸುವಂತೆ ಲಿಖಿತ ಅರ್ಜಿ ಕೊಡಬೇಕು. ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ ಎಂಬುದನ್ನು ಬಂದವರಿಗೆ ಹೇಳಬೇಕು. ಹೇಳಬೇಕಾದವರು ಗಂಡ, ಆಕೆಯಲ್ಲ. ಗುಂಪಿನ ಹೆಂಗಸರಿಗೂ ವಿಷಯ ತಿಳಿಸೋಣ ಎಂದದ್ದಕ್ಕೆ ಆಕೆ ಬಹಳ ಹೊತ್ತು ಒಪ್ಪಲಿಲ್ಲ. ಒಪ್ಪಿ ತಿಳಿಸಿದಾಗ, ಹತ್ತರಲ್ಲಿ ಆರು ಮಂದಿಯ ಕವರಿನಲ್ಲೂ ಮೂರಕ್ಕೆ ಕಡಿಮೆಯಿಲ್ಲದಷ್ಟು ಕಾರ್ಡುಗಳಿದ್ದವು.

ಎರಡು ಕಂಪನಿಗಳು ಕಂತು ತಗ್ಗಿಸಿವೆ, ಒಂದು ಉತ್ತರ ಕೊಟ್ಟಿಲ್ಲ, ಬುಧವಾರದ್ದು ಆಗುವುದಿಲ್ಲ ಎಂದಿದೆ. ಆ ಅರ್ಜಿಯನ್ನು ಮತ್ತೊಮ್ಮೆ ಬರೆಯಲು ಸರೋಜಮ್ಮ ಮುಂದಿನ ವಾರ ಬರುತ್ತಾರೆ, ಬುಧವಾರ ಬಿಟ್ಟು.